ಬೆಂಗಳೂರಿನ ಸರ್ಕಾರಿ ವಿಶ್ವವಿದ್ಯಾಲಯಕ್ಕೆ ಓದಲು ಬರುತ್ತಿದ್ದೀರಾ? ಅರ್ಜಿಯಿಂದ ಮೊದಲ ಪರೀಕ್ಷೆವರೆಗೆ ಗೊತ್ತಿರಬೇಕಾದದ್ದು

ಡಿಗ್ರಿ ಫಲಿತಾಂಶ ಬರುವ ಹೊತ್ತಿಗೆ ಪ್ರತಿ ವರ್ಷ ಒಂದೇ ಪ್ರಶ್ನೆ ಬೇರೆ ಬೇರೆ ಊರುಗಳಿಂದ ಬರುತ್ತದೆ. "ಬೆಂಗಳೂರಲ್ಲಿ ಸರ್ಕಾರಿ ಯೂನಿವರ್ಸಿಟಿಗೆ ಎಂ.ಎ. ಸೇರಬೇಕು ಅಂತಿದ್ದೀನಿ, ಅಲ್ಲಿ ಹೇಗಿರುತ್ತೆ, ಏನೇನು ಬೇಕು?" ಎಂ.ಎಸ್ಸಿ., ಎಂ.ಕಾಂ. ಅವರದ್ದೂ ಇದೇ ಪ್ರಶ್ನೆ. ಒಬ್ಬೊಬ್ಬರಿಗೂ ಬಿಡಿಯಾಗಿ ಉತ್ತರ ಕೊಡುವ ಬದಲು ಎಲ್ಲವನ್ನೂ ಇಲ್ಲಿ ಸಾಲಾಗಿ ಬರೆದಿದ್ದೇನೆ.

ಒಂದು ಮಾತು ಮೊದಲೇ ತಿಳಿದಿರಲಿ. ಇಲ್ಲಿ ಶುಲ್ಕ ಕಡಿಮೆ, ಗ್ರಂಥಾಲಯ ದೊಡ್ಡದು, ರಾಜ್ಯದ ಎಲ್ಲ ಜಿಲ್ಲೆಯ ಹುಡುಗ ಹುಡುಗಿಯರು ಜೊತೆಗಿರುತ್ತಾರೆ. ಆದರೆ ನಿಮ್ಮನ್ನು ಹುಡುಕಿಕೊಂಡು ಬಂದು ಯಾರೂ ಏನೂ ಹೇಳುವುದಿಲ್ಲ. ಕೊನೆಯ ದಿನಾಂಕ, ಫಾರಂ, ಹಾಸ್ಟೆಲ್, ಸ್ಕಾಲರ್‌ಶಿಪ್ ಎಲ್ಲವನ್ನೂ ನೀವೇ ಕೇಳಿ, ನೀವೇ ಓಡಾಡಿ ಮಾಡಿಸಿಕೊಳ್ಳಬೇಕು. ಮೊದಲ ಎರಡು ತಿಂಗಳು ಇದನ್ನು ಸರಿಯಾಗಿ ಮಾಡಿದವರಿಗೆ ಉಳಿದ ಎರಡು ವರ್ಷ ಆರಾಮ.

1. ಯಾವ ವಿಶ್ವವಿದ್ಯಾಲಯ ಎಂದು ಮೊದಲು ಗೊತ್ತು ಮಾಡಿಕೊಳ್ಳಿ

ಜಾಸ್ತಿ ಜನ ಗೊಂದಲಕ್ಕೆ ಬೀಳುವುದೇ ಇಲ್ಲಿ. 1964ರಲ್ಲಿ ಶುರುವಾದ ಬೆಂಗಳೂರು ವಿಶ್ವವಿದ್ಯಾಲಯ ಕಾಲೇಜುಗಳ ಭಾರ ತಡೆಯಲಾರದಷ್ಟು ಬೆಳೆದ ಮೇಲೆ ಅದನ್ನು ಮೂರು ಮಾಡಿದರು. 2017ರಿಂದ ಮೂರೂ ಬೇರೆ ಬೇರೆಯಾಗಿ ನಡೆಯುತ್ತಿವೆ.

ಬೆಂಗಳೂರು ವಿಶ್ವವಿದ್ಯಾಲಯ ಈಗ ಮೈಸೂರು ರಸ್ತೆಯ ಜ್ಞಾನಭಾರತಿ ಆವರಣದಲ್ಲಿದೆ. ಬೆಂಗಳೂರು ನಗರ ವಿಶ್ವವಿದ್ಯಾಲಯ ಊರಿನ ನಡುವೆ, ಹಳೆಯ ಸೆಂಟ್ರಲ್ ಕಾಲೇಜಿನಲ್ಲಿದೆ. ಇದಕ್ಕೆ ಡಾ. ಮನಮೋಹನ್ ಸಿಂಗ್ ಅವರ ಹೆಸರಿಡುವುದಾಗಿ ಸರ್ಕಾರ 2025ರ ಬಜೆಟ್‌ನಲ್ಲಿ ಘೋಷಿಸಿತು. ಹಾಗಾಗಿ ಹಳೆಯ ಹೆಸರು, ಹೊಸ ಹೆಸರು ಎರಡೂ ಕಣ್ಣಿಗೆ ಬಿದ್ದರೆ ಬೇರೆ ಬೇರೆ ಸಂಸ್ಥೆ ಅಂದುಕೊಳ್ಳಬೇಡಿ. ಮೂರನೆಯದು ಬೆಂಗಳೂರು ಉತ್ತರ ವಿಶ್ವವಿದ್ಯಾಲಯ. ಹೆಸರಲ್ಲಿ ಬೆಂಗಳೂರು ಇದ್ದರೂ ಅದರ ಕೇಂದ್ರ ಕಚೇರಿ ಇರುವುದು ಕೋಲಾರದ ಟಮಕದಲ್ಲಿ. ಸೀಟು ಸಿಕ್ಕ ಮೇಲೆ ಇದು ಗೊತ್ತಾಗಿ ಬೆಚ್ಚಿಬೀಳುವವರು ಪ್ರತಿ ವರ್ಷ ಇರುತ್ತಾರೆ.

ಇವಲ್ಲದೆ ನೃಪತುಂಗ ರಸ್ತೆಯ ಸರ್ಕಾರಿ ವಿಜ್ಞಾನ ಕಾಲೇಜು ಈಗ ನೃಪತುಂಗ ವಿಶ್ವವಿದ್ಯಾಲಯವಾಗಿದೆ. ಹೆಣ್ಣುಮಕ್ಕಳಿಗೆ ಮಹಾರಾಣಿ ಕ್ಲಸ್ಟರ್ ವಿಶ್ವವಿದ್ಯಾಲಯವಿದೆ. ಕ್ಲಸ್ಟರ್ ಎಂದರೆ ಅಕ್ಕಪಕ್ಕದ ಕೆಲವು ಸರ್ಕಾರಿ ಕಾಲೇಜುಗಳನ್ನು ಸೇರಿಸಿ ಮಾಡಿದ ವಿಶ್ವವಿದ್ಯಾಲಯ.

ಪಿಯುಸಿ ಮುಗಿಸಿದವರಿಗೆ ಒಂದು ಮಾತು. ದೊಡ್ಡ ವಿಶ್ವವಿದ್ಯಾಲಯಗಳ ಮುಖ್ಯ ಆವರಣದಲ್ಲಿ ನಡೆಯುವುದು ಹೆಚ್ಚಾಗಿ ಸ್ನಾತಕೋತ್ತರ ತರಗತಿಗಳು ಮತ್ತು ಪಿಎಚ್‌.ಡಿ. ಬಿ.ಎ., ಬಿ.ಕಾಂ., ಬಿ.ಎಸ್ಸಿ. ಓದುವುದು ಅವುಗಳಿಗೆ ಸೇರಿದ ಕಾಲೇಜುಗಳಲ್ಲಿ. ಇವನ್ನು ಸಂಯೋಜಿತ ಕಾಲೇಜು ಎನ್ನುತ್ತಾರೆ. ಪಾಠ ಕಾಲೇಜಿನದು, ಪರೀಕ್ಷೆ ಮತ್ತು ಪದವಿ ವಿಶ್ವವಿದ್ಯಾಲಯದ್ದು. ಎಂಜಿನಿಯರಿಂಗ್ ಬಹುಪಾಲು ಬೆಳಗಾವಿಯ ವಿಟಿಯು, ಅಂದರೆ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಕೈಯಲ್ಲಿದೆ, ವೈದ್ಯಕೀಯ ಮತ್ತು ನರ್ಸಿಂಗ್ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಕೈಯಲ್ಲಿ. ಮುಂದೆ ಬರೆದಿರುವುದು ಮುಖ್ಯವಾಗಿ ಸ್ನಾತಕೋತ್ತರಕ್ಕೆ ಬರುವವರಿಗಾಗಿ.

2. ಅರ್ಜಿ ಮತ್ತು ಸೀಟು

ಅರ್ಜಿ ಹಾಕುವುದು ಯುಯುಸಿಎಂಎಸ್ ಎಂಬ ಪೋರ್ಟಲ್‌ನಲ್ಲಿ. ರಾಜ್ಯದ ಸರ್ಕಾರಿ ವಿಶ್ವವಿದ್ಯಾಲಯಗಳ ಪ್ರವೇಶ, ಪರೀಕ್ಷೆ ಅರ್ಜಿ, ಫಲಿತಾಂಶ ಎಲ್ಲವನ್ನೂ ಒಂದೆಡೆ ತರಲು ಸರ್ಕಾರ ಮಾಡಿದ ವ್ಯವಸ್ಥೆ ಇದು. ಈಗ ಕೊಡುವ ಮೊಬೈಲ್ ಸಂಖ್ಯೆಗೇ ಎರಡೂ ವರ್ಷ ಒಟಿಪಿ ಬರುತ್ತದೆ. ಸೈಬರ್ ಸೆಂಟರ್‌ನವರ ಸಂಖ್ಯೆ ಹಾಕಿಸಿ ಬಂದರೆ ಪರೀಕ್ಷೆ ಅರ್ಜಿ ತುಂಬುವಾಗ ಅದೇ ಅಂಗಡಿ ಹುಡುಕಿಕೊಂಡು ಊರಿಗೆ ಹೋಗಬೇಕಾದೀತು.

ಹೆಚ್ಚಿನ ವಿಷಯಗಳಲ್ಲಿ ಡಿಗ್ರಿಯ ಅಂಕಗಳ ಮೇಲೆ ಮೆರಿಟ್ ಪಟ್ಟಿ ಮಾಡುತ್ತಾರೆ. ಕೆಲವಕ್ಕೆ ಪ್ರವೇಶ ಪರೀಕ್ಷೆ ಇಡುವುದೂ ಉಂಟು. ಎಂಬಿಎ, ಎಂಸಿಎ ದಾರಿಯೇ ಬೇರೆ. ಅವಕ್ಕೆ ಕರ್ನಾಟಕ ಪರೀಕ್ಷಾ ಪ್ರಾಧಿಕಾರ ನಡೆಸುವ ಪಿಜಿಸಿಇಟಿ ಬರೆಯಬೇಕು. ಎಂ.ಎ. ಅರ್ಜಿ ಕರೆಯುವವರೆಗೆ ಕಾಯುತ್ತ ಕೂತರೆ ಪಿಜಿಸಿಇಟಿ ದಿನಾಂಕ ಅಷ್ಟರಲ್ಲಿ ದಾಟಿರಬಹುದು.

ಕೌನ್ಸೆಲಿಂಗ್ ಎಂದರೆ ರ‍್ಯಾಂಕ್ ಪ್ರಕಾರ ಸೀಟು ಹಂಚುವುದು. ಇಲ್ಲಿ ಎರಡು ಕಡೆ ಕಣ್ಣಿಟ್ಟಿರಿ. ಮೊದಲನೆಯದು, ಪಟ್ಟಿಯಲ್ಲಿ ವಿಶ್ವವಿದ್ಯಾಲಯದ ವಿಭಾಗದ ಜೊತೆ ಖಾಸಗಿ ಸಂಯೋಜಿತ ಕಾಲೇಜುಗಳ ಸ್ನಾತಕೋತ್ತರ ಸೀಟುಗಳೂ ಇರುತ್ತವೆ. ಪದವಿ ಒಂದೇ, ಶುಲ್ಕದಲ್ಲಿ ಭಾರಿ ವ್ಯತ್ಯಾಸ. ಎರಡನೆಯದು ಸ್ವಹಣಕಾಸು ಸೀಟು. ಇದು ವಿಶ್ವವಿದ್ಯಾಲಯದಲ್ಲೇ ಇದ್ದರೂ ಖರ್ಚನ್ನು ವಿದ್ಯಾರ್ಥಿಯೇ ಹೊರುವಂಥದ್ದು, ಶುಲ್ಕ ಜಾಸ್ತಿ. ಸೀಟು ಕೈತಪ್ಪೀತು ಎಂಬ ಆತುರದಲ್ಲಿ ಒಪ್ಪಿಗೆ ಒತ್ತಿಬಿಡಬೇಡಿ. ಪೂರ್ತಿ ಶುಲ್ಕ ಎಷ್ಟು, ಎರಡನೇ ವರ್ಷಕ್ಕೆ ಎಷ್ಟು ಎಂದು ಕೇಳಿಯೇ ಒಪ್ಪಿಕೊಳ್ಳಿ.

3. ಕಾಗದಪತ್ರ: ಬೆಂಗಳೂರಿನ ಬಸ್ ಹತ್ತುವ ಮೊದಲೇ

ಎಸ್ಸೆಸ್ಸೆಲ್ಸಿ, ಪಿಯುಸಿ ಅಂಕಪಟ್ಟಿ, ಡಿಗ್ರಿಯ ಎಲ್ಲ ಸೆಮಿಸ್ಟರ್ ಅಂಕಪಟ್ಟಿ, ಟಿಸಿ, ಆಧಾರ್, ಬ್ಯಾಂಕ್ ಪಾಸ್‌ಬುಕ್, ಫೋಟೊ. ಇಷ್ಟು ಎಲ್ಲರಿಗೂ ಗೊತ್ತು. ಕೈಕೊಡುವುದು ಉಳಿದವು.

ಜಾತಿ ಮತ್ತು ಆದಾಯ ಪ್ರಮಾಣಪತ್ರ ನಾಡಕಚೇರಿಯಲ್ಲಿ ಸಿಗುತ್ತದೆ. ಅದರ ಮೇಲೆ ಆರ್‌ಡಿ ಎಂದು ಶುರುವಾಗುವ ಒಂದು ಸಂಖ್ಯೆ ಇರುತ್ತದೆ. ಪ್ರವೇಶ, ಹಾಸ್ಟೆಲ್, ಸ್ಕಾಲರ್‌ಶಿಪ್ ಮೂರಕ್ಕೂ ಅದೇ ಕೀಲಿ. ಆದಾಯ ಪ್ರಮಾಣಪತ್ರದ ಅವಧಿ ಮುಗಿದಿದೆಯಾ ಎಂದು ಈಗಲೇ ನೋಡಿ. ಗ್ರಾಮೀಣ ಮೀಸಲಾತಿ ಅಥವಾ ಕನ್ನಡ ಮಾಧ್ಯಮ ಮೀಸಲಾತಿ ಬೇಕಿದ್ದರೆ 1ರಿಂದ 10ನೇ ತರಗತಿವರೆಗೆ ಓದಿದ ಶಾಲೆಗಳಿಂದ ಬರೆಸಿಕೊಂಡು ಬರಬೇಕು. ಎರಡು ಮೂರು ಶಾಲೆ ಬದಲಿಸಿದವರಿಗೆ ಇದೊಂದೇ ವಾರಗಟ್ಟಲೆ ಕೆಲಸ. ಕಲ್ಯಾಣ ಕರ್ನಾಟಕದವರು 371ಜೆ ಪ್ರಮಾಣಪತ್ರ ಮರೆಯಬೇಡಿ. ಸಂವಿಧಾನದ 371ಜೆ ವಿಧಿಯಡಿ ಆ ಭಾಗದವರಿಗೆ ಸಿಗುವ ಮೀಸಲಾತಿಗೆ ಅದು ಬೇಕೇ ಬೇಕು.

ಬೇರೆ ವಿಶ್ವವಿದ್ಯಾಲಯದಲ್ಲಿ ಡಿಗ್ರಿ ಮಾಡಿದ್ದರೆ ವಲಸೆ ಪ್ರಮಾಣಪತ್ರ ಬೇಕು. ಇದನ್ನು ಮೈಗ್ರೇಷನ್ ಎಂದೇ ಕರೆಯುತ್ತಾರೆ. ಹಳೆಯ ವಿಶ್ವವಿದ್ಯಾಲಯ "ಈ ವಿದ್ಯಾರ್ಥಿ ನಮ್ಮಿಂದ ಹೋಗಲು ಅಡ್ಡಿಯಿಲ್ಲ" ಎಂದು ಕೊಡುವ ಪತ್ರ ಅದು. ಹೊರರಾಜ್ಯದಲ್ಲಿ ಓದಿದವರಿಗೆ ಅರ್ಹತಾ ಪ್ರಮಾಣಪತ್ರವೂ ಬೇಕಾಗುತ್ತದೆ, ಅಂದರೆ ನಿಮ್ಮ ಡಿಗ್ರಿಯನ್ನು ಇಲ್ಲಿ ಒಪ್ಪುತ್ತಾರೆ ಎಂಬ ಪತ್ರ.

ಎಲ್ಲಕ್ಕಿಂತ ಜಾಸ್ತಿ ಜನರನ್ನು ಅಲೆದಾಡಿಸುವುದು ಹೆಸರು. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಇನಿಶಿಯಲ್ ಹಿಂದೆ, ಆಧಾರ್‌ನಲ್ಲಿ ಮುಂದೆ, ಬ್ಯಾಂಕಿನಲ್ಲಿ ಇನಿಶಿಯಲ್ಲೇ ಇಲ್ಲ. ನೋಡಲು ಸಣ್ಣ ವಿಷಯ, ಆದರೆ ಕಂಪ್ಯೂಟರ್‌ಗೆ ಇವರು ಮೂವರು ಬೇರೆ ಬೇರೆ ಮನುಷ್ಯರು. ಎಸ್ಸೆಸ್ಸೆಲ್ಸಿಯಲ್ಲಿ ಇರುವ ಹಾಗೆ ಉಳಿದದ್ದನ್ನು ತಿದ್ದಿಸಿಕೊಂಡೇ ಬನ್ನಿ.

ಮೂಲ ಅಂಕಪಟ್ಟಿಗಳನ್ನು ತೋರಿಸಿ ವಾಪಸ್ ಪಡೆಯಿರಿ. ಮೂಲ ಪ್ರಮಾಣಪತ್ರಗಳನ್ನು ಸಂಸ್ಥೆಗಳು ಹಿಡಿದಿಟ್ಟುಕೊಳ್ಳುವಂತಿಲ್ಲ ಎಂದು ಯುಜಿಸಿ, ಅಂದರೆ ವಿಶ್ವವಿದ್ಯಾಲಯ ಧನಸಹಾಯ ಆಯೋಗ, 2018ರಲ್ಲೇ ಹೇಳಿದೆ. ಟಿಸಿ ಮಾತ್ರ ಕೊಡಬೇಕಾಗುತ್ತದೆ. ಕೊಡುವ ಮೊದಲು ನಾಲ್ಕೈದು ಜೆರಾಕ್ಸ್ ಮಾಡಿಸಿಟ್ಟುಕೊಳ್ಳಿ.

4. ಉಳಿಯುವ ಜಾಗ

ಬೆಂಗಳೂರಿನ ಓದಿನಲ್ಲಿ ದುಬಾರಿ ಶುಲ್ಕವಲ್ಲ, ಸೂರು. ಆದ್ದರಿಂದ ಹಾಸ್ಟೆಲ್ ಬಗ್ಗೆ ಸೀಟು ಸಿಕ್ಕ ದಿನವೇ ಕೇಳಿ. ಎರಡು ಬಗೆ ಇವೆ. ಒಂದು, ವಿಶ್ವವಿದ್ಯಾಲಯದ್ದೇ ಹಾಸ್ಟೆಲ್. ಇದಕ್ಕೆ ಅರ್ಜಿ ಆವರಣದಲ್ಲೇ ಕೊಡಬೇಕು. ಇನ್ನೊಂದು, ಸಮಾಜ ಕಲ್ಯಾಣ ಇಲಾಖೆ ಮತ್ತು ಹಿಂದುಳಿದ ವರ್ಗಗಳ ಕಲ್ಯಾಣ ಇಲಾಖೆ ನಡೆಸುವ ಮೆಟ್ರಿಕ್ ನಂತರದ ಹಾಸ್ಟೆಲ್. ಹಿಂದುಳಿದ ವರ್ಗಗಳ ಇಲಾಖೆಯದನ್ನು ಎಲ್ಲರೂ ಬಿಸಿಎಂ ಹಾಸ್ಟೆಲ್ ಎಂದೇ ಕರೆಯುತ್ತಾರೆ. ಎರಡೂ ಇಲಾಖೆಯ ಹಾಸ್ಟೆಲ್‌ಗಳಿಗೆ ಅರ್ಜಿ ರಾಜ್ಯ ಹಾಸ್ಟೆಲ್ ಪೋರ್ಟಲ್‌ನಲ್ಲಿ. ಅರ್ಹತೆ ಇದ್ದರೆ ವಿಶ್ವವಿದ್ಯಾಲಯದ ಹಾಸ್ಟೆಲ್, ಇಲಾಖೆಯ ಹಾಸ್ಟೆಲ್ ಎರಡಕ್ಕೂ ಅರ್ಜಿ ಹಾಕಿ. ಒಂದನ್ನೇ ನಂಬಿ ಕೂರಬೇಡಿ.

ಪಟ್ಟಿ ಬರುವುದು ತಡವಾಗುತ್ತದೆ, ತರಗತಿ ಅದಕ್ಕೂ ಮೊದಲೇ ಶುರುವಾಗಿರುತ್ತದೆ. ಆ ನಡುವಿನ ದಿನಗಳಿಗೆ ನೆಂಟರ ಮನೆಯೋ ಸೀನಿಯರ್ ಗೆಳೆಯರ ರೂಮೋ ಗೊತ್ತು ಮಾಡಿಕೊಂಡು ಬನ್ನಿ. ವಿಭಾಗದ ಎರಡನೇ ವರ್ಷದವರನ್ನು ಮಾತಾಡಿಸಿದರೆ ಯಾವ ಹಾಸ್ಟೆಲ್‌ನಲ್ಲಿ ನೀರಿನ ತೊಂದರೆ, ಯಾವ ಮೆಸ್‌ನಲ್ಲಿ ಊಟ ಚೆನ್ನ ಎಂಬುದೆಲ್ಲ ಕಚೇರಿಗಿಂತ ಚೆನ್ನಾಗಿ ಹೇಳುತ್ತಾರೆ.

ಹಾಸ್ಟೆಲ್ ಸಿಗದವರು ಪಿಜಿ, ಅಂದರೆ ದುಡ್ಡು ಕೊಟ್ಟು ಊಟ ವಸತಿ ಪಡೆಯುವ ಖಾಸಗಿ ವಸತಿಗೃಹ, ಹುಡುಕುತ್ತಾರೆ. ಜ್ಞಾನಭಾರತಿಗೆ ನಾಗರಬಾವಿ, ಮಲ್ಲತ್ತಹಳ್ಳಿ, ಉಲ್ಲಾಳು, ಕೆಂಗೇರಿ ಹತ್ತಿರ. ಸೆಂಟ್ರಲ್ ಕಾಲೇಜಿನವರು ಅಲ್ಲೇ ಸುತ್ತಮುತ್ತ ಹುಡುಕಿದರೆ ಬಾಡಿಗೆ ಕೈಗೆಟುಕದು. ಮೆಟ್ರೊ ದಾರಿಯಲ್ಲಿ ವಿಜಯನಗರ, ಅತ್ತಿಗುಪ್ಪೆ ಕಡೆ ನೋಡುವುದು ವಾಸಿ. ವಿಜಯನಗರದ ಸುತ್ತ ಸ್ಪರ್ಧಾತ್ಮಕ ಪರೀಕ್ಷೆಯ ಕೋಚಿಂಗ್ ಕೇಂದ್ರಗಳು, ಬಾಡಿಗೆಗೆ ಕೂತು ಓದುವ ರೀಡಿಂಗ್ ರೂಮುಗಳು ತುಂಬ ಇರುವುದರಿಂದ ವಿದ್ಯಾರ್ಥಿಗಳಿಗೆ ಹೊಂದುವ ಕೋಣೆಗಳೂ ಸಿಗುತ್ತವೆ.

ಅಡ್ವಾನ್ಸ್ ಕೊಡುವಾಗ ಬಿಡುವ ದಿನ ಎಷ್ಟು ಹಿಡಿದುಕೊಳ್ಳುತ್ತಾರೆ, ಎಷ್ಟು ದಿನ ಮುಂಚೆ ಹೇಳಬೇಕು ಎಂದು ಕೇಳಿ, ವಾಟ್ಸಾಪ್‌ನಲ್ಲಾದರೂ ಬರೆಸಿಕೊಳ್ಳಿ. ಬಾಯಿಮಾತನ್ನು ನಂಬಿ ಸುಮ್ನೆ ದುಡ್ಡು ಕಳೆದುಕೊಳ್ಳಬೇಡಿ. ಬೇಸಿಗೆಯಲ್ಲಿ ನೀರು ಎಲ್ಲಿಂದ ಬರುತ್ತದೆ ಎಂದೂ ಕೇಳಿ. 2024ರ ಬೇಸಿಗೆಯಲ್ಲಿ ನಗರದ ಎಷ್ಟೋ ಕೊಳವೆಬಾವಿಗಳು ಬತ್ತಿ ಟ್ಯಾಂಕರ್ ನೀರಿಗೆ ಹಾಹಾಕಾರ ಎದ್ದಿತ್ತು.

5. ಸ್ಕಾಲರ್‌ಶಿಪ್

ಎಸ್‌ಎಸ್‌ಪಿ, ಅಂದರೆ ರಾಜ್ಯ ವಿದ್ಯಾರ್ಥಿವೇತನ ಪೋರ್ಟಲ್‌ನಲ್ಲಿ ಎಲ್ಲ ಇಲಾಖೆಗಳ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನಕ್ಕೆ ಒಂದೇ ಕಡೆ ಅರ್ಜಿ. ಹಾಸ್ಟೆಲ್ ಸಿಗದ ಹಿಂದುಳಿದ ವರ್ಗದವರಿಗೆ ವಿದ್ಯಾಸಿರಿ ಎಂಬ ಊಟ ವಸತಿ ನೆರವೂ ಇದೆ. ಹಾಸ್ಟೆಲ್ ಪಟ್ಟಿಯಲ್ಲಿ ಹೆಸರು ಬರಲಿಲ್ಲ ಎಂದು ಬೇಸರ ಮಾಡಿಕೊಂಡು ಇದನ್ನೂ ಬಿಟ್ಟುಬಿಡುವವರಿದ್ದಾರೆ. ಹಾಗೆ ಮಾಡಬೇಡಿ.

ಅರ್ಜಿ ಹಾಕಿದ ಮೇಲೂ ದುಡ್ಡು ಬಾರದಿದ್ದರೆ ಕಾರಣ ಸಾಮಾನ್ಯವಾಗಿ ಬ್ಯಾಂಕ್. ಹಣ ಹೋಗುವುದು ಖಾತೆ ಸಂಖ್ಯೆಗಲ್ಲ, ಆಧಾರ್‌ಗೆ ಜೋಡಿಸಿದ ಖಾತೆಗೆ. ಬ್ಯಾಂಕಿಗೆ ಹೋಗಿ "ಎನ್‌ಪಿಸಿಐ ಮ್ಯಾಪಿಂಗ್ ಆಗಿದೆಯಾ?" ಎಂದು ಕೇಳಿ. ಆಧಾರ್ ಪ್ರತಿ ಕೊಟ್ಟಿದ್ದೀರಿ ಎಂದ ಮಾತ್ರಕ್ಕೆ ಅದು ಆಗಿರುವುದಿಲ್ಲ. ಎರಡು ಮೂರು ಖಾತೆ ಇದ್ದರೆ ಯಾವುದಕ್ಕೆ ಜೋಡಣೆಯಾಗಿದೆ ಎಂದು ನೋಡಿಕೊಳ್ಳಿ. ಯಾವಾಗಲೋ ತೆಗೆದು ಮರೆತ ಖಾತೆಗೆ ಹಣ ಬಂದು ಬಿದ್ದಿರುವುದೂ ಉಂಟು.

ಅರ್ಜಿಗೆ ಬೇಕಾದ ದಾಖಲೆಗಳಿಗೆ ಇ-ದೃಢೀಕರಣ ಬೇಕು. ಅದಕ್ಕೆಂದು ನೇಮಿಸಿದ ಅಧಿಕಾರಿ ಮೂಲ ದಾಖಲೆ ನೋಡಿ ಕಂಪ್ಯೂಟರಿನಲ್ಲಿ ಒಪ್ಪಿಗೆ ಕೊಡುವುದೇ ಇ-ದೃಢೀಕರಣ. ಕೊನೆಯ ವಾರ ಅಲ್ಲಿ ಸಾಲು ಬೆಳೆಯುತ್ತದೆ, ಸರ್ವರ್ ಮಲಗುತ್ತದೆ. ಮೊದಲೇ ಮುಗಿಸಿ.

6. ಮೊದಲ ತಿಂಗಳು ತರಗತಿಯಲ್ಲಿ

ಎರಡು ವರ್ಷ, ನಾಲ್ಕು ಸೆಮಿಸ್ಟರ್. ಅಂಕಪಟ್ಟಿಯಲ್ಲಿ ಕ್ರೆಡಿಟ್ ಎಂಬ ಲೆಕ್ಕ ಕಾಣುತ್ತದೆ. ವಾರಕ್ಕೆ ಒಂದು ಗಂಟೆ ಪಾಠ ಅಥವಾ ಎರಡು ಗಂಟೆ ಪ್ರಾಯೋಗಿಕ ಕೆಲಸಕ್ಕೆ ಸಾಮಾನ್ಯವಾಗಿ ಒಂದು ಕ್ರೆಡಿಟ್. ನಾಲ್ಕು ಕ್ರೆಡಿಟ್‌ನ ಪತ್ರಿಕೆಯಲ್ಲಿ ಕಡಿಮೆ ಅಂಕ ಬಂದರೆ ಎರಡು ಕ್ರೆಡಿಟ್‌ನದಕ್ಕಿಂತ ಜಾಸ್ತಿ ಪೆಟ್ಟು. ಓದುವ ಸಮಯ ಹಂಚಿಕೊಳ್ಳುವಾಗ ಇದನ್ನು ನೆನಪಿಡಿ.

ಹಾಜರಾತಿ ಶೇ 75 ಇರಬೇಕು. ಡಿಗ್ರಿಯಲ್ಲಿ ಹೇಗೋ ನಡೆಯಿತು, ಇಲ್ಲೂ ನಡೆಯುತ್ತದೆ ಅಂದುಕೊಳ್ಳುವವರು ಪರೀಕ್ಷೆ ಹತ್ತಿರ ಬಂದಾಗ ವಿಭಾಗದ ಬಾಗಿಲಲ್ಲಿ ನಿಂತಿರುತ್ತಾರೆ. ಆಂತರಿಕ ಅಂಕಗಳೂ ಹಾಗೆಯೇ. ಕಿರುಪರೀಕ್ಷೆ, ಸೆಮಿನಾರ್, ಅಸೈನ್‌ಮೆಂಟ್‌ಗೆ ಮೇಷ್ಟ್ರು ಕೊಡುವ ಅಂಕ ಇವು. ತರಗತಿಯಲ್ಲಿ ಕಾಣಿಸಿಕೊಳ್ಳದವರಿಗೆ ಇವು ಎಲ್ಲಿಂದ ಬರಬೇಕು, ಅಲ್ವಾ?

ಇನ್ನು ಭಾಷೆ. ಹಳ್ಳಿಯ ಕನ್ನಡ ಮಾಧ್ಯಮದಿಂದ ಬಂದವರ ದೊಡ್ಡ ಹೆದರಿಕೆಯೇ ಇದು. ಇತಿಹಾಸ, ರಾಜ್ಯಶಾಸ್ತ್ರ, ಸಮಾಜಶಾಸ್ತ್ರದಂಥ ವಿಷಯಗಳಲ್ಲಿ ಕನ್ನಡದಲ್ಲೇ ಉತ್ತರ ಬರೆಯುವವರು ಬಹಳ ಮಂದಿ. ನಿಮ್ಮ ವಿಭಾಗದ ನಿಯಮವನ್ನು ಮೊದಲ ವಾರವೇ ಕೇಳಿಕೊಳ್ಳಿ. ಆದರೆ ಓದಬೇಕಾದ ಒಳ್ಳೆಯ ಪುಸ್ತಕಗಳು ಹೆಚ್ಚಾಗಿ ಇಂಗ್ಲಿಷಿನಲ್ಲೇ ಇರುತ್ತವೆ. ನನ್ನ ಸಲಹೆ ಇಷ್ಟು: ಬರೆಯುವುದು ಕನ್ನಡದಲ್ಲಿ ಇರಲಿ, ಓದುವುದನ್ನು ದಿನಕ್ಕೆ ನಾಲ್ಕು ಪುಟದಂತೆ ಇಂಗ್ಲಿಷಿನಲ್ಲೂ ಶುರುಮಾಡಿ. ಬರೀ ಗೈಡ್ ಮತ್ತು ಸೀನಿಯರ್‌ಗಳ ನೋಟ್ಸ್ ಹಿಡಿದರೆ ಪರೀಕ್ಷೆ ಪಾಸಾದೀತು. ನೆಟ್, ಕೆ-ಸೆಟ್ ಪಾಸಾಗುವುದಿಲ್ಲ. ಕಾಲೇಜು ಅಧ್ಯಾಪಕರಾಗಲು ಬರೆಯಬೇಕಾದ ಅರ್ಹತಾ ಪರೀಕ್ಷೆಗಳು ಇವು, ಮೊದಲನೆಯದು ದೇಶದ ಮಟ್ಟದ್ದು, ಎರಡನೆಯದು ರಾಜ್ಯದ್ದು.

ವಿಭಾಗದ ಕಚೇರಿಯ ಸಿಬ್ಬಂದಿಯನ್ನು ಹೆಸರು ಹಿಡಿದು "ಸರ್", "ಮೇಡಂ" ಎಂದು ಮಾತಾಡಿಸುವಷ್ಟು ಪರಿಚಯ ಮಾಡಿಕೊಳ್ಳಿ. ನಿಮ್ಮ ಕಡತ ಯಾರ ಮೇಜಿನಲ್ಲಿದೆ ಎಂದು ಗೊತ್ತಿರುವವರು ಅವರು. ಆಡಳಿತ ಕಚೇರಿಯಲ್ಲಿ ಒಂದೊಂದು ಕೆಲಸಕ್ಕೆ ಒಬ್ಬೊಬ್ಬ ಕೇಸ್ ವರ್ಕರ್ ಇರುತ್ತಾರೆ, ಅಂದರೆ ಆ ವಿಷಯದ ಕಡತ ನೋಡುವವರು. ಅರ್ಜಿ ಕೊಟ್ಟಾಗ ಇನ್ನೊಂದು ಪ್ರತಿಯ ಮೇಲೆ ಸೀಲು, ತಾರೀಖು ಹಾಕಿಸಿಕೊಳ್ಳಿ. ಇದಿಲ್ಲದೆ ಮುಂದಿನ ಸಲ ಹೋದರೆ ಮಾತು ಮತ್ತೆ ಮೊದಲಿನಿಂದ ಶುರು.

ವಾಟ್ಸಾಪ್ ಗುಂಪು ಎಲ್ಲ ತರಗತಿಗೂ ಇರುತ್ತದೆ. ಅದನ್ನು ನಂಬಿ ನೋಟಿಸ್ ಬೋರ್ಡ್ ಬಿಡಬೇಡಿ. ಗುಂಪಿನಲ್ಲಿ ಹಳೆಯ ಸುತ್ತೋಲೆ ಹೊಸದಾಗಿ ಓಡಾಡುವುದು ಮಾಮೂಲು.

7. ಓಡಾಟ

ನೇರಳೆ ಮಾರ್ಗದ ಮೆಟ್ರೊ ಎರಡೂ ಆವರಣಗಳನ್ನು ಮುಟ್ಟುತ್ತದೆ. ಒಂದಕ್ಕೆ ಜ್ಞಾನಭಾರತಿ ನಿಲ್ದಾಣ, ಇನ್ನೊಂದಕ್ಕೆ ಸೆಂಟ್ರಲ್ ಕಾಲೇಜಿನ ಸರ್ ಎಂ. ವಿಶ್ವೇಶ್ವರಯ್ಯ ನಿಲ್ದಾಣ. ಹಸಿರು ಮಾರ್ಗದಲ್ಲಿ ಬರುವವರು ಮೆಜೆಸ್ಟಿಕ್‌ನಲ್ಲಿ ಬದಲಿಸಬೇಕು. ದಿನವೂ ಮೆಟ್ರೊ ಹತ್ತುವುದು ವಿದ್ಯಾರ್ಥಿಯ ಜೇಬಿಗೆ ಭಾರವೇ. ಹತ್ತುವುದಾದರೆ ಸ್ಮಾರ್ಟ್ ಕಾರ್ಡ್ ಮಾಡಿಸಿ, ಟಿಕೆಟ್‌ನಲ್ಲಿ ಶೇ 5 ರಿಯಾಯಿತಿ ಸಿಗುತ್ತದೆ.

ಬಸ್ಸಿಗೆ ಬಿಎಂಟಿಸಿ ವಿದ್ಯಾರ್ಥಿ ಪಾಸ್ ಇದೆ, ಅರ್ಜಿ ಸೇವಾ ಸಿಂಧು ಪೋರ್ಟಲ್‌ನಲ್ಲಿ. ಶುಲ್ಕ ಕಟ್ಟಿದ ರಸೀದಿ ಜೋಪಾನವಾಗಿರಲಿ. ಹೆಣ್ಣುಮಕ್ಕಳಿಗೆ ಶಕ್ತಿ ಯೋಜನೆಯಡಿ 2023ರ ಜೂನ್‌ನಿಂದ ಸಾಮಾನ್ಯ ಬಸ್ಸುಗಳಲ್ಲಿ ಪ್ರಯಾಣ ಉಚಿತ. ಕರ್ನಾಟಕದ ವಿಳಾಸವಿರುವ ಗುರುತಿನ ಚೀಟಿ ತೋರಿಸಿದರೆ ಸಾಕು. ಎ.ಸಿ. ಬಸ್ಸುಗಳಿಗೆ ಇದು ನಡೆಯದು.

ಜ್ಞಾನಭಾರತಿ ಆವರಣ ಸಾವಿರ ಎಕರೆಗೂ ದೊಡ್ಡದು, ಅರ್ಧ ಕಾಡಿನ ಹಾಗಿದೆ. ಗೇಟಿನಲ್ಲಿ ಇಳಿದ ಮಾತ್ರಕ್ಕೆ ತರಗತಿ ಮುಟ್ಟಿದ ಹಾಗಲ್ಲ, ಒಳಗೆ ಇನ್ನೂ ನಡಿಗೆ ಇದೆ. ಬೆಳಗಿನ ಹೊತ್ತು ಆ ಮರಗಳ ನಡುವಿನ ನಡಿಗೆ ಈ ಊರಲ್ಲಿ ಬೇರೆಲ್ಲೂ ಸಿಗದ ಸುಖ. ಆದರೆ ಆವರಣದ ರಸ್ತೆಯಲ್ಲಿ ಹೊರಗಿನ ವಾಹನಗಳೂ ಜೋರಾಗಿ ಓಡಾಡುತ್ತವೆ. ರಸ್ತೆ ದಾಟುವಾಗ ಕಿವಿಯಲ್ಲಿ ಇಯರ್‌ಫೋನ್ ಬೇಡ. ಸಂಜೆ ಕತ್ತಲಾದ ಮೇಲೆ ಗ್ರಂಥಾಲಯದಿಂದ ಗುಂಪಿನಲ್ಲಿ ಹೊರಡಿ.

8. ಆವರಣದ ಆಚೆ

ನಗರದ ವಿಶ್ವವಿದ್ಯಾಲಯಕ್ಕೆ ಬಂದು ತರಗತಿ ಮತ್ತು ರೂಮು ಎರಡನ್ನೇ ನೋಡಿ ಹೋಗುವವರನ್ನು ಕಂಡರೆ ನನಗೆ ನಿಜಕ್ಕೂ ಹೊಟ್ಟೆ ಉರಿಯುತ್ತದೆ. ಕಬ್ಬನ್ ಪಾರ್ಕಿನ ಕೆಂಪು ಕಟ್ಟಡದ ರಾಜ್ಯ ಕೇಂದ್ರ ಗ್ರಂಥಾಲಯ, 1915ರಲ್ಲಿ ಶುರುವಾಗಿ ಈಗ ಚಾಮರಾಜಪೇಟೆಯಲ್ಲಿರುವ ಕನ್ನಡ ಸಾಹಿತ್ಯ ಪರಿಷತ್ತು, ನೃಪತುಂಗ ರಸ್ತೆಯಲ್ಲಿ 1909ರ ಮಿಥಿಕ್ ಸೊಸೈಟಿ, ಬುಲ್ ಟೆಂಪಲ್ ರಸ್ತೆಯಲ್ಲಿ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆ. ಇತಿಹಾಸ, ಸಾಹಿತ್ಯ, ರಾಜ್ಯಶಾಸ್ತ್ರ ಓದುವವರಿಗೆ ಇವು ಬಂಗಾರದ ಗಣಿ. ಅರ್ಥಶಾಸ್ತ್ರ, ಸಮಾಜಶಾಸ್ತ್ರದವರಿಗೆ ನಾಗರಬಾವಿಯ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆ ಅಧ್ಯಯನ ಸಂಸ್ಥೆ ಜ್ಞಾನಭಾರತಿಯ ಪಕ್ಕದಲ್ಲೇ ಇದೆ. ವಿಜ್ಞಾನದವರು ಭಾರತೀಯ ವಿಜ್ಞಾನ ಸಂಸ್ಥೆ ಸಾರ್ವಜನಿಕರಿಗೆ ಬಾಗಿಲು ತೆರೆಯುವ ದಿನವನ್ನು ತಪ್ಪಿಸಬೇಡಿ. ನಾಟಕಕ್ಕೆ ಮಲ್ಲತ್ತಹಳ್ಳಿಯ ಕಲಾಗ್ರಾಮ, ರವೀಂದ್ರ ಕಲಾಕ್ಷೇತ್ರ ಇವೆ.

ಇಂಥ ಗ್ರಂಥಾಲಯಗಳಿಗೆ ಹೋಗುವಾಗ ವಿಭಾಗದ ಮುಖ್ಯಸ್ಥರಿಂದ ಒಂದು ಪರಿಚಯ ಪತ್ರ ಇಟ್ಟುಕೊಂಡಿರಿ. ಕೆಲವು ಕಡೆ ಹೊರಗಿನವರನ್ನು ಒಳಗೆ ಬಿಡಲು ಅದನ್ನು ಕೇಳುತ್ತಾರೆ.

9. ತೊಂದರೆ ಬಂದರೆ

ರ‍್ಯಾಗಿಂಗ್ ವಿರುದ್ಧ ಯುಜಿಸಿ 2009ರಲ್ಲಿ ನಿಯಮ ತಂದಿದೆ. ಸೇರುವಾಗ ನಿಮ್ಮಿಂದಲೂ ಪೋಷಕರಿಂದಲೂ ಮುಚ್ಚಳಿಕೆ ಬರೆಸಿಕೊಳ್ಳುವುದು ಅದಕ್ಕೇ. ಸಹಾಯವಾಣಿ 1800-180-5522, ದಿನದ 24 ಗಂಟೆಯೂ ಇರುತ್ತದೆ. ಲೈಂಗಿಕ ಕಿರುಕುಳದ ದೂರು ಕೇಳಲು ಪ್ರತಿ ಸಂಸ್ಥೆಯಲ್ಲೂ ಆಂತರಿಕ ದೂರು ಸಮಿತಿ ಇರಲೇಬೇಕು. ಸಮಿತಿಯವರ ಹೆಸರು, ಫೋನ್ ಸಂಖ್ಯೆ ಎಲ್ಲಿ ಹಾಕಿದ್ದಾರೆ ಎಂದು ತೊಂದರೆ ಬರುವ ಮೊದಲೇ ನೋಡಿಟ್ಟುಕೊಳ್ಳಿ.

10. ಪರೀಕ್ಷೆ, ಫಲಿತಾಂಶ

ಪರೀಕ್ಷೆ ಅರ್ಜಿ ತಾನಾಗಿ ತುಂಬಿಕೊಳ್ಳುವುದಿಲ್ಲ. ಪೋರ್ಟಲ್‌ನಲ್ಲಿ ಪತ್ರಿಕೆಗಳನ್ನು ಆರಿಸಿ, ಶುಲ್ಕ ಕಟ್ಟಿ, ಪ್ರವೇಶಪತ್ರದಲ್ಲಿ ಎಲ್ಲ ಪತ್ರಿಕೆಯ ಹೆಸರೂ ಇದೆಯಾ ಎಂದು ಎಣಿಸಿ. ಒಂದು ಪತ್ರಿಕೆ ಉಳಿದರೆ ಎದೆಗುಂದಬೇಡಿ, ಮುಂದಿನ ಬಾರಿ ಬರೆಯಬಹುದು. ಅಂಕ ಅನುಮಾನವೆನಿಸಿದರೆ ಉತ್ತರಪತ್ರಿಕೆಯ ನಕಲು ತರಿಸಿಕೊಂಡು ನೋಡಿ, ಆಮೇಲೆ ಮರುಮೌಲ್ಯಮಾಪನಕ್ಕೆ ಹಾಕಬೇಕಾ ಬೇಡವಾ ಎಂದು ತೀರ್ಮಾನಿಸಿ. ಎರಡಕ್ಕೂ ಫಲಿತಾಂಶ ಬಂದ ಮೇಲೆ ಕೆಲವೇ ದಿನಗಳ ಗಡುವು ಇರುತ್ತದೆ.

ಕೊನೆಯ ಸೆಮಿಸ್ಟರ್ ಮುಗಿದ ಮೇಲೆ ಪದವಿ ಪ್ರಮಾಣಪತ್ರಕ್ಕೂ ಬೇರೆಯೇ ಅರ್ಜಿ, ಬೇರೆಯೇ ಶುಲ್ಕ. ಇದನ್ನು ಘಟಿಕೋತ್ಸವದ ಅರ್ಜಿ ಎನ್ನುತ್ತಾರೆ. ಸಮಾರಂಭಕ್ಕೆ ಹೋಗದವರೂ ಇದನ್ನು ಹಾಕಲೇಬೇಕು. ಊರಿಗೆ ಹೋಗಿ ಎರಡು ವರ್ಷದ ನಂತರ ಕೆಲಸದ ದಾಖಲೆ ಪರಿಶೀಲನೆಗೆ ಕರೆ ಬಂದಾಗ ಅದಕ್ಕಾಗಿ ಓಡಿಬರುವವರು ಬಹಳ. ಹಾಸ್ಟೆಲ್ ಖಾಲಿ ಮಾಡುವ ಮೊದಲೇ ಆ ಅರ್ಜಿ ಯಾವಾಗ ಕರೆಯುತ್ತಾರೆ ಎಂದು ಪರೀಕ್ಷಾ ವಿಭಾಗದಲ್ಲಿ ವಿಚಾರಿಸಿ ಹೋಗಿ.